ಜಪಾನಿನ ಪಾಠ, ಕನ್ನಂಬಾಡಿಯ ಕಟ್ಟೆ

ಜಪಾನ್ ದೇಶವು ೨೦೨೩ರಲ್ಲಿ ಒಂದು ಶಾಸನವನ್ನು ಮಾಡಿ, ತನ್ನ ಕೈಗಾರಿಕೆಗಳನ್ನು ಕಲ್ಲಿದ್ದಲು ಮತ್ತು ಎಣ್ಣೆಯ ಹೊಗೆಯಿಂದ ಬಿಡಿಸುವ ಕಾರ್ಯದಲ್ಲಿ ಸರ್ಕಾರವೇ ಮುಂದೆ ನಿಲ್ಲತಕ್ಕದ್ದೆಂದು ನಿಶ್ಚಯಿಸಿತು. ಹತ್ತು ವರ್ಷಗಳಲ್ಲಿ ಸಾಲಪತ್ರಗಳ ಮೂಲಕ ೨೦ ಲಕ್ಷ ಕೋಟಿ ಯೆನ್ನುಗಳನ್ನು ಎತ್ತಿ, ಅದರ ಆಸರೆಯಿಂದ ಖಾಸಗಿ ಬಂಡವಾಳವನ್ನೂ ಸೆಳೆದು, ಒಟ್ಟು ೧೫೦ ಲಕ್ಷ ಕೋಟಿಯಷ್ಟನ್ನು ಈ ಕಾರ್ಯಕ್ಕೆ ತೊಡಗಿಸಬೇಕೆಂಬುದು ಅಲ್ಲಿನವರ ಸಂಕಲ್ಪ. ವಾಚಕರಲ್ಲಿ ಅನೇಕರಿಗೆ ಇದು ಹೊಸ ಸಂಗತಿಯಾಗಿ ತೋರಬಹುದು. ಆದರೆ ಶಕ್ತಿ, ಬಂಡವಾಳ, ವಿದ್ಯೆ ಈ ಮೂರನ್ನೂ ಒಂದೇ ನೊಗಕ್ಕೆ ಹೂಡುವ ಜಪಾನೀಯರ ಪದ್ಧತಿಯನ್ನು ೧೮೯೮ರಷ್ಟು ಹಿಂದೆಯೇ ಕಣ್ಣಾರೆ ಕಂಡು ಬಂದ ಕನ್ನಡಿಗರೊಬ್ಬರಿದ್ದರು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ೧೮೬೧ರ ಸೆಪ್ಟೆಂಬರ್ ೧೫ರಂದು ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪೂನಾ ನಗರಕ್ಕೆ ಹೋಗಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆಯಾಗಿ, ೧೮೮೪ರಲ್ಲಿ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿದರು. ಸಕ್ಕರಿನ ನೀರು ಸರಬರಾಜು, ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಮುಂತಾದ ಅವರ ಅಲ್ಲಿನ ಕೆಲಸಗಳು ಪ್ರಸಿದ್ಧವಾಗಿಯೇ ಇವೆ.

ನಾವು ನಿಂತು ನೋಡಬೇಕಾದುದು ಆ ಜಪಾನ್ ಯಾತ್ರೆಯನ್ನು. ನೌಕರಿಯಲ್ಲಿದ್ದಾಗಲೇ ಕೈಗೊಂಡ ಆ ಯಾತ್ರೆ ಸುಮಾರು ಮೂರು ತಿಂಗಳಿನದು. ಮೂವತ್ತು ವರ್ಷಗಳ ಹಿಂದೆ ಮೇಜಿ ಚಕ್ರವರ್ತಿಯ ಆಳ್ವಿಕೆ ಮೊದಲಾದಾಗ ಬಡದೇಶವೆನಿಸಿದ್ದ ಜಪಾನ್, ಅಷ್ಟರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ, ಬ್ಯಾಂಕುಗಳನ್ನು ಕಟ್ಟಿ, ಸರ್ಕಾರದ ಆಶ್ರಯದಲ್ಲಿ ಕಾರ್ಖಾನೆಗಳನ್ನು ಬೆಳೆಸಿತ್ತು. ಕ್ಯೋಟೋ ನಗರದವರು ಬಿವಾ ಸರೋವರದ ನೀರನ್ನು ಕಾಲುವೆಯಿಂದ ತಂದು, ಕೆಯಾಗೆ ಎಂಬಲ್ಲಿ ೧೮೯೧ರಿಂದಲೇ ವಿದ್ಯುತ್ತನ್ನು ಉತ್ಪಾದಿಸಿ, ೧೮೯೫ರ ಹೊತ್ತಿಗೆ ಅದರಿಂದ ಬೀದಿಯಲ್ಲಿ ಟ್ರಾಮನ್ನು ಓಡಿಸುತ್ತಿದ್ದರು. ಸರ್ಕಾರ ಸುಮ್ಮನೆ ಕಂದಾಯ ವಸೂಲು ಮಾಡಿಕೊಂಡು ಕುಳಿತರೆ ದೇಶ ಬೆಳೆಯದೆಂಬ ನಂಬಿಕೆ ವಿಶ್ವೇಶ್ವರಯ್ಯನವರಲ್ಲಿ ಈ ಯಾತ್ರೆಯಿಂದ ಬೇರೂರಿತು.

ಮುಂಬಯಿಯ ಸೇವೆಯಿಂದ ನಿವೃತ್ತರಾಗಿ, ೧೯೦೯ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. ಆಗ ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಧೈರ್ಯದಿಂದ ಆರಂಭವಾದ ಶಿವನಸಮುದ್ರದ ವಿದ್ಯುತ್ ಕೇಂದ್ರವು ೧೯೦೨ರಿಂದ ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನೊದಗಿಸಿ, ಸೌದೆ ಕಲ್ಲಿದ್ದಲುಗಳನ್ನು ಸುಡುತ್ತಿದ್ದ ಉಗಿಯಂತ್ರಗಳ ಕೆಲಸವನ್ನು ವಹಿಸಿಕೊಂಡಿತ್ತು. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವು. ಮಳೆಗಾಲದ ನೀರನ್ನು ಮೇಲೆಯೇ ತಡೆದು, ವರ್ಷವಿಡೀ ಒಂದೇ ಸಮನಾಗಿ ಬಿಟ್ಟರೆ ಗಣಿಗೂ ವಿದ್ಯುತ್ತು, ಮಂಡ್ಯದ ಸೀಮೆಗೂ ನೀರು. ಕನ್ನಂಬಾಡಿಯ ಯೋಜನೆಯ ಹುರುಳು ಇಷ್ಟೇ. ಆ ಕಟ್ಟೆಯ ಬುಡದಲ್ಲಿ ಆಗ ಒಂದು ವಿದ್ಯುದ್ಯಂತವೂ ಇರಲಿಲ್ಲ. ಅಲ್ಲಿ ಕೂಡಿಟ್ಟ ನೀರು ಶಿವನಸಮುದ್ರದ ಚಕ್ರಗಳನ್ನು ತಿರುಗಿಸಬೇಕಾಗಿತ್ತು.

ಖರ್ಚಿನ ಮೊತ್ತವನ್ನು ಕಂಡು ಬೆದರಿದವರು ಸಂಸ್ಥಾನದೊಳಗೇ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರವರು ಒಪ್ಪಿಗೆಯಿತ್ತ ಮೇಲೆ ೧೯೧೧ರಲ್ಲಿ ಕೆಲಸ ಮೊದಲಾಯಿತು. ಇತ್ತ ಮದರಾಸು ಸರ್ಕಾರವು ತನ್ನ ಕೆಳಗಣ ನೀರಿಗೆ ಕುಂದು ಬಂದೀತೆಂದು ಆಕ್ಷೇಪಿಸಿತು. ಪೂರ್ಣ ಎತ್ತರಕ್ಕೆ ಅನುಮತಿ ದೊರೆಯದಿದ್ದಾಗಲೂ ಮೈಸೂರಿನವರು ಅಸ್ತಿಭಾರವನ್ನು ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಿದರು. ಇದು ಸಾಹಸವೇ ಸರಿ. ತೀರ್ಪು ವಿರುದ್ಧವಾಗಿದ್ದರೆ ಸಂಸ್ಥಾನದ ಹಣ ಮಣ್ಣುಪಾಲಾಗುತ್ತಿತ್ತು. ೧೯೧೪ರಲ್ಲಿ ಪಂಚಾಯತಿಯ ತೀರ್ಪು ಮೈಸೂರಿಗೆ ಅನುಕೂಲವಾಗಿ ಬಂದರೂ ವ್ಯಾಜ್ಯ ಮುಗಿಯಲಿಲ್ಲ. ೧೯೨೪ರ ಒಪ್ಪಂದವಾಗುವವರೆಗೂ ಅದು ಎಳೆದಾಡಿತು. ಸಿಮೆಂಟಿಗೆ ಬದಲು ಸುರಕಿ ಗಾರೆಯಿಂದ ಮೇಲೆದ್ದ ಆ ಕಟ್ಟೆಯ ಉದ್ದ ೮,೬೦೦ ಅಡಿ, ಎತ್ತರ ೧೩೦ ಅಡಿ.

ಕಟ್ಟೆಯ ಹಿಂದೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ನಿಂತಿತು. ಹಳೆಯ ಕನ್ನಂಬಾಡಿ ಮುಳುಗಿತು. ವೇಣುಗೋಪಾಲಸ್ವಾಮಿಯ ಗುಡಿಯೂ ನೀರು ಪಾಲಾಗಿ, ಕ್ಷಾಮದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. ಈ ಶತಮಾನದಲ್ಲಷ್ಟೇ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಪಾಂಡವಪುರ ತಾಲ್ಲೂಕಿನ ದಡದಲ್ಲಿ ಮರಳಿ ಕಟ್ಟಿದ್ದಾರೆ. ಕೃಷ್ಣರಾಜಪೇಟೆಯ ಕಡೆಯ ಹೊಲಗಳೂ ಹಿನ್ನೀರಿಗೆ ಹೋದುವು. ಕಟ್ಟೆಯನ್ನು ಹೊಗಳುವ ನಾವು ನೆಲವನ್ನು ಬಿಟ್ಟುಕೊಟ್ಟ ಆ ರೈತರ ಹೆಸರನ್ನು ಎಲ್ಲಿಯೂ ಕೆತ್ತಿಲ್ಲ.

೧೯೧೨ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಜಪಾನಿನಲ್ಲಿ ಕಂಡ ಉಳಿದ ಅಂಗಗಳನ್ನೂ ಒಂದೊಂದಾಗಿ ಇಲ್ಲಿಗೆ ತಂದರು: ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ಅದೇ ಕಾಲದಲ್ಲಿ ಗಂಧದೆಣ್ಣೆಯ ಕಾರ್ಖಾನೆ. ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಸ್ಥಾನ ಕಾದಿರಿಸುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ೧೯೧೮ರಲ್ಲಿ ಅಧಿಕಾರವನ್ನು ಬಿಟ್ಟರು. ಇಲ್ಲಿ ನ್ಯಾಯವು ಮಹಾರಾಜರ ಕಡೆಗಿತ್ತೆಂದೇ ನಮ್ಮ ಅಭಿಪ್ರಾಯ. ವಿದ್ಯೆಯನ್ನು ಎಲ್ಲರಿಗೂ ಹಂಚಬೇಕೆಂದವರಿಗೆ ಅಧಿಕಾರದ ಹಂಚಿಕೆಯೂ ಅದರ ಇನ್ನೊಂದು ಮುಖವೆಂದು ಕಾಣಬೇಕಾಗಿತ್ತು.

೧೯೨೩ರಿಂದ ೧೯೨೯ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿ ಅದನ್ನು ಉಳಿಸಿದವರೂ ಅವರೇ. ಕಲ್ಲಿದ್ದಲಿಲ್ಲದ ಕಾರಣ ಅಲ್ಲಿ ಮಲೆನಾಡಿನ ಮರಗಳ ಇದ್ದಲನ್ನೇ ಉರಿಸಿದರು. ಇದಕ್ಕಾಗಿ ಕಡಿದ ಕಾಡಿನ ಲೆಕ್ಕ ಲಾಭನಷ್ಟದ ಪಟ್ಟಿಯಲ್ಲಿ ಬರಲಿಲ್ಲ. ೧೯೫೦ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಆ ಹೊರೆ ತುಸು ಇಳಿಯಿತು.

ಕನ್ನಂಬಾಡಿ ಕಟ್ಟೆ ಪೂರ್ಣವಾದುದು ಸರ್ ಮಿರ್ಜಾ ಇಸ್ಮಾಯಿಲ್‌ರವರ ದಿವಾನಗಿರಿಯಲ್ಲಿ. ಅದರ ನಾಲೆಯನ್ನು ವೈಸರಾಯ್ ಇರ್ವಿನ್ನರ ಹೆಸರಿನಿಂದ ಕರೆದಿದ್ದರು. ಅನಂತರ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಾಯಿತು. ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಿಗೂ, ೧೯೩೩ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಬ್ಬಿಗೂ ಅದೇ ನೀರು. ಉತ್ತರದ ಎತ್ತರದ ನೆಲವಾದ ನಾಗಮಂಗಲಕ್ಕೆ ಆ ನಾಲೆ ಏರಲಿಲ್ಲ. ಅಲ್ಲಿಯ ರೈತರು ಕೆರೆಯನ್ನೂ ಮುಗಿಲನ್ನೂ ನಂಬಿಯೇ ರಾಗಿ ಬೆಳೆದರು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು ನೂರು ವರ್ಷ ತುಂಬಿದ ಮೇಲೆ, ೧೯೬೨ರ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.