ನೆಲ ಬೇಡುತ್ತ ನಡೆದ ವಿನೋಬಾ

ಹೈಸ್ಕೂಲಿನಲ್ಲಿ ವಿನೋಬಾ ಭಾವೆ ನನಗೆ ಒಂದು ಅಂಕದ ಪ್ರಶ್ನೆಯಾಗಿದ್ದರು. ಭೂದಾನ ಎಂದು ಬರೆದು ಅಂಕ ಪಡೆದು ಮರೆತುಬಿಟ್ಟಿದ್ದೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿ, ಅಲ್ಲಿ ಒಂದು ಸೈಟಿನ ಬೆಲೆ ಕೇಳಿ ದಂಗಾದ ಮೇಲೆ ಅವರ ಜೀವನವನ್ನು ಮತ್ತೆ ಓದಿದೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನೇ ಹಂಚಿಕೊಳ್ಳುತ್ತಿದ್ದೇನೆ.

ವಿನಾಯಕ ನರಹರಿ ಭಾವೆಯವರು 1895ರ ಸೆಪ್ಟೆಂಬರ್ 11ರಂದು ಮಹಾರಾಷ್ಟ್ರದ ಈಗಿನ ರಾಯಗಡ ಜಿಲ್ಲೆಯ ಗಾಗೋದೆಯಲ್ಲಿ ಜನಿಸಿದರು. ತಾಯಿ ರುಕ್ಮಿಣಿಬಾಯಿ ಕರ್ನಾಟಕ ಮೂಲದವರು. ಮಗನ ಭಕ್ತಿ, ವೈರಾಗ್ಯಗಳಿಗೆ ತಾಯಿಯೇ ಮೊದಲ ಗುರು. 1916ರಲ್ಲಿ ಇಂಟರ್ ಪರೀಕ್ಷೆಗೆಂದು ಮುಂಬಯಿ ರೈಲು ಹತ್ತಿದ ತರುಣ ಸೂರತ್ತಿನಲ್ಲೇ ಇಳಿದು ಕಾಶಿಗೆ ಹೋದರು. ಅದೇ ವರ್ಷ ಅಹಮದಾಬಾದಿನಲ್ಲಿ ಗಾಂಧೀಜಿಯವರನ್ನು ಸೇರಿದರು. 1921ರಲ್ಲಿ ವರ್ಧಾ ಆಶ್ರಮದ ಹೊಣೆ ಹೊತ್ತರು. 1940ರ ವೈಯಕ್ತಿಕ ಸತ್ಯಾಗ್ರಹಕ್ಕೆ ಗಾಂಧೀಜಿ ಆರಿಸಿದ ಮೊದಲ ಸತ್ಯಾಗ್ರಹಿ ಇವರೇ. ಮುಂದೆ ವೆಲ್ಲೂರು ಜೈಲಿನಲ್ಲಿದ್ದಾಗ ಕನ್ನಡವೂ ಸೇರಿ ದಕ್ಷಿಣದ ನಾಲ್ಕು ಭಾಷೆಗಳನ್ನು ಕಲಿತರು.

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ 40 ದಲಿತ ಕುಟುಂಬಗಳು ಅವರ ಬಳಿ 80 ಎಕರೆ ಭೂಮಿ ಕೇಳಿದವು. ವಿನೋಬಾ ಆ ಮಾತನ್ನು ಊರಿನವರ ಮುಂದಿಟ್ಟರು. ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು ಎದ್ದು ನಿಂತು 100 ಎಕರೆ ಕೊಟ್ಟರು. ಅಂದಿನಿಂದ ಸುಮಾರು 13 ವರ್ಷ ವಿನೋಬಾ ದೇಶದ ಉದ್ದಗಲ ನಡೆದರು. ದಾನವಾಗಿ ಬಂದ ಭೂಮಿ 40 ಲಕ್ಷ ಎಕರೆ ದಾಟಿತು.

ಆದರೆ ಲೆಕ್ಕ ಪೂರ್ತಿ ಹೇಳಬೇಕು. ಅದರಲ್ಲಿ ಬಹಳಷ್ಟು ಕಲ್ಲುಬಾರೆ, ವ್ಯಾಜ್ಯದ ನೆಲ. ದೊಡ್ಡ ಪಾಲು ಬಡವರ ಕೈ ಸೇರಲೇ ಇಲ್ಲ. ಸೇರಿದ ತುಂಡು ನೆಲವೂ ಸಾಲ, ಬಡತನಕ್ಕೆ ಸಿಕ್ಕಿ ಕೈಬಿಡುವ ಭಯವಿತ್ತು. ಒಬ್ಬೊಬ್ಬರಿಗೆ ಕೊಟ್ಟರೆ ನೆಲ ಉಳಿಯುವುದು ಕಷ್ಟವೆಂದು ಕಂಡಾಗ ಗ್ರಾಮದಾನದ ವಿಚಾರ ಬಲವಾಯಿತು. 1952ರಲ್ಲಿ ಉತ್ತರ ಪ್ರದೇಶದ ಮಂಗರೋಠ ಮೊದಲ ಗ್ರಾಮದಾನಿ ಊರಾಯಿತು. 1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಹತ್ತಿರದ ಯಲವಾಲದಲ್ಲಿ ನೆಹರೂ ಮತ್ತು ಬೇರೆ ಬೇರೆ ಪಕ್ಷಗಳ ನಾಯಕರು ಸೇರಿ ಅದಕ್ಕೆ ಬೆಂಬಲ ಕೊಟ್ಟರು.

1965ರ ಸುಮಾರಿಗೆ ಬಂದ ಸುಲಭ ಗ್ರಾಮದಾನದ ಕ್ರಮ ಹೀಗಿತ್ತು: ಭೂಮಿಯ ಒಡೆತನ ಗ್ರಾಮಸಭೆಯ ಹೆಸರಿಗೆ. 20ರಲ್ಲಿ ಒಂದು ಪಾಲು ಭೂಮಿ ಇಲ್ಲದವರಿಗೆ. ಉಳಿದದ್ದನ್ನು ರೈತನೇ, ಅವನ ಮಕ್ಕಳೇ ಉಳಬಹುದು, ಹೊರಗಿನವರಿಗೆ ಮಾರುವಂತಿಲ್ಲ. ಬೆಳೆಯ 40ರಲ್ಲಿ ಒಂದು ಪಾಲು ಗ್ರಾಮಕೋಶಕ್ಕೆ.

ಈ ವಿಚಾರ ಸಮುದ್ರ ದಾಟಿತು. ಗ್ರಾಮದಾನದಿಂದ ಪ್ರೇರಣೆ ಪಡೆದ ರಾಬರ್ಟ್ ಸ್ವಾನ್ ಹಾಗೂ ಕಪ್ಪು ಜನರ ಹಕ್ಕಿನ ಹೋರಾಟಗಾರರು 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ನ್ಯೂ ಕಮ್ಯುನಿಟೀಸ್ ಎಂಬ ಭೂ ಟ್ರಸ್ಟ್ ಕಟ್ಟಿದರು. ಸಾಲದ ಹೊರೆಯಿಂದ ಅದರ ಭೂಮಿ 1985ರಲ್ಲಿ ಕೈಬಿಟ್ಟಿತು. ವಿಚಾರ ಮಾತ್ರ ಬೆಳೆಯಿತು. ಇಂದು ಅಂಥ ಟ್ರಸ್ಟುಗಳಲ್ಲಿ ನೆಲ ಸಮುದಾಯದ್ದು, ಮನೆ ಕುಟುಂಬದ್ದು. ಮನೆ ಮಾರುವಾಗ ಬೆಲೆಗೆ ಮಿತಿ ಇರುವುದರಿಂದ ಮುಂದಿನ ಬಡ ಕುಟುಂಬಕ್ಕೂ ಅದು ಎಟಕುತ್ತದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮದವರು 2013ರಲ್ಲಿ ತಮ್ಮ ಊರನ್ನೇ ಗ್ರಾಮದಾನ ಮಾಡಿದರು.

ವಿನೋಬಾ 1982ರ ನವೆಂಬರ್ 15ರಂದು ಪವನಾರ ಆಶ್ರಮದಲ್ಲಿ ತೀರಿಕೊಂಡರು. ಮರುವರ್ಷ ಭಾರತರತ್ನ ಬಂತು.

ನಮ್ಮ ಕೃಷ್ಣಾ ತೀರದವರು 2005ರ, 2019ರ ಮಹಾಪೂರ ಕಂಡವರು. ಬಿದ್ದ ಮನೆಯನ್ನು ಎತ್ತರದ ಜಾಗದಲ್ಲಿ ಕಟ್ಟೋಣವೆಂದರೆ ಜಾಗವೇ ದುಬಾರಿ. ಕಬ್ಬು ಕಡಿಯುವವರ, ಕೂಲಿಯವರ ಮಕ್ಕಳಾದ ನನ್ನ ಸಹಪಾಠಿಗಳಲ್ಲಿ ಕೆಲವರು ಇಂದಿಗೂ ಬಾಡಿಗೆ ಮನೆಯಲ್ಲಿದ್ದಾರೆ. ದಪ್ಪ ಮಣ್ಣಿನ ಗೋಡೆ, ಬೇವಿನ ನೆರಳು, ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿ ಇರುವ ತಂಪಾದ ಮನೆಯನ್ನು ಕಡಿಮೆ ಖರ್ಚಿನಲ್ಲಿ ಕಟ್ಟಬಲ್ಲ ಗೌಂಡಿಗಳು ನಮ್ಮಲ್ಲಿದ್ದಾರೆ. ಇಲ್ಲದಿರುವುದು ಕೈತಪ್ಪದ ನೆಲ. ಹಳೆಯ ವಿದ್ಯಾರ್ಥಿಗಳಾದ ನಾವು ಕೂಡಿ, ಊರ ಹಿರಿಯರ ಸಲಹೆ, ವಕೀಲರ ನೆರವು ಪಡೆದು, ನೀರು ಏರದ ಒಂದೆರಡು ಎಕರೆಯನ್ನು ಟ್ರಸ್ಟಿನ ಹೆಸರಿಗೆ ಕೊಳ್ಳಲಾಗದೇ? ಜಾತ್ರೆಗೆ ಪಟ್ಟಿ ಎತ್ತುವ ಊರು ನಮ್ಮದು. ನನ್ನ ಪಾಲಿನ ಪಟ್ಟಿ ಬರೆದುಕೊಳ್ಳಿ.