ಅಳೆಯುವವರ ಕೈ ಭಾರ

ತೂಗುವವನ ಕೈ ತಕ್ಕಡಿ ಮೇಲಿದ್ದರೆ ತೂಕ ಸುಳ್ಳು. ನಮ್ಮ ಹೂವಿನ ಹಿಪ್ಪರಗಿ ಕಡೆ ತೊಗರಿ ಮಾರುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿಗೂ ಇದೇ ನ್ಯಾಯ ನೋಡ್ರಿ. ಅದರ ವೇಗ ಅಳೆಯಲು ಇನ್ನೊಂದು ಪ್ರೋಗ್ರಾಂ ಓಡಿಸಿದರೆ ಅದೂ ಪ್ರೊಸೆಸರಿನ ಸಮಯ ತಿನ್ನುತ್ತದೆ. ಈ ತೊಡಕಿಗೆ ದಾರಿ ಸಿಕ್ಕಿದ್ದು ಮಾರಿಸ್ ವಿಲ್ಕ್ಸ್ ಬೇರೇನೋ ಕಾರಣಕ್ಕೆ ಕಂಡುಹಿಡಿದ ಉಪಾಯದಿಂದ.

ವಿಲ್ಕ್ಸ್ ಹುಟ್ಟಿದ್ದು 1913ರಲ್ಲಿ, ಇಂಗ್ಲೆಂಡಿನ ಡಡ್ಲಿಯಲ್ಲಿ. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಪ್ಯೂಟರ್ ಕುರಿತ ಉಪನ್ಯಾಸಗಳು ನಡೆದವು. ಪ್ರಯಾಣ ತಡವಾಗಿ ಅವರಿಗೆ ದಕ್ಕಿದ್ದು ಕೊನೆಯ ಎರಡು ವಾರ ಮಾತ್ರ. ವಾಪಸ್ ಬರುವ ಹಡಗಿನಲ್ಲೇ ತಮ್ಮ ಯಂತ್ರದ ನಕ್ಷೆ ಶುರು ಮಾಡಿದರು. ಆ ಯಂತ್ರ, ಎಡ್ಸ್ಯಾಕ್, ಕೇಂಬ್ರಿಜ್‌ನಲ್ಲಿ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು.

1951ರಲ್ಲಿ ವಿಲ್ಕ್ಸ್ ಹೊಸದೊಂದು ಉಪಾಯ ಮುಂದಿಟ್ಟರು. ಕೂಡು, ಕಳೆ ಎಂಬ ಒಂದೊಂದು ಆದೇಶಕ್ಕೂ ತಂತಿಗಳ ಸಿಕ್ಕು ಹೆಣೆಯುವುದೇಕೆ? ಪ್ರೊಸೆಸರಿನೊಳಗೇ ಅದನ್ನು ಪುಟ್ಟ ಹೆಜ್ಜೆಗಳ ಪಟ್ಟಿಯಾಗಿ ಬರೆದಿಟ್ಟರಾಯಿತು. ಇದೇ ಮೈಕ್ರೋಪ್ರೋಗ್ರಾಮಿಂಗ್. 1958ರ ಎಡ್ಸ್ಯಾಕ್ 2 ಈ ರೀತಿ ಕಟ್ಟಿದ್ದು. 1967ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಆ ಪಟ್ಟಿಯೇ ಮುಂದೆ ಅಳತೆಯ ಕಿಂಡಿಯಾಯಿತು. ವ್ಯಾಕ್ಸ್-11/780 ಕಂಪ್ಯೂಟರ್ ಸೆಕೆಂಡಿಗೆ 10 ಲಕ್ಷ ಆದೇಶ ನಡೆಸುತ್ತದೆ ಎಂದು ಹೆಸರಾಗಿತ್ತು. ಅದನ್ನು ತಯಾರಿಸಿದ ಕಂಪನಿಯ ಜೋಯಲ್ ಎಮರ್ ಮತ್ತು ಡಗ್ಲಸ್ ಕ್ಲಾರ್ಕ್, ಯಾವ ಹೆಜ್ಜೆ ಎಷ್ಟು ಸಲ ನಡೆಯುತ್ತದೆ ಎಂದು ಯಂತ್ರದ ಕೆಲಸಕ್ಕೆ ಅಡ್ಡಿಯಾಗದಂತೆ ಎಣಿಸಿದರು. 1984ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನಿಜವಾದ ವೇಗ ಹೆಚ್ಚುಕಡಿಮೆ ಅರ್ಧ! 1986ರಲ್ಲಿ, ಮಂಗಳೂರಿನಲ್ಲಿ ಬೆಳೆದ ಅನಂತ್ ಅಗರ್ವಾಲ್ ಮತ್ತು ಸಂಗಡಿಗರು ಮೈಕ್ರೋಕೋಡನ್ನೇ ತುಸು ತಿದ್ದಿ, ಪ್ರೊಸೆಸರು ಮೆಮೊರಿಯ ಎಲ್ಲೆಲ್ಲಿ ಕೈಹಾಕುತ್ತದೆ ಎಂದು ಅದರಿಂದಲೇ ಬರೆಸಿದರು. ಯಂತ್ರ ನಿಧಾನವಾಯಿತು, ನಿಜ. ಆದರೆ ಹಳೆಯ ವಿಧಾನಗಳಿಗಿಂತ ತೀರಾ ಕಡಿಮೆ. ಆಪರೇಟಿಂಗ್ ಸಿಸ್ಟಮ್‌ನ ಓಡಾಟವೂ ದಾಖಲಾಯಿತು.

ವಿಲ್ಕ್ಸ್ 2010ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬದುಕು ಇವತ್ತು ನನಗೆ ರಾಜಕೀಯ ಪಾಠವಾಗಿಯೂ ಕಾಣುತ್ತದೆ. ಉದ್ಯೋಗ ಖಾತರಿ ಕೂಲಿಕಾರರ ಹಾಜರಿಗೆ ದಿನಕ್ಕೆ ಎರಡು ಫೋಟೋ ಆ್ಯಪ್‌ಗೆ ಹಾಕಬೇಕೆಂಬ ನಿಯಮ 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದೆ ದುಡಿದ ದಿನದ ಕೂಲಿಯೇ ಹೋಯಿತೆಂಬ ದೂರುಗಳು ದೇಶದ ಹಲವೆಡೆಯಿಂದ ಬಂದವು. ಒಂದು ಯಂತ್ರವನ್ನು ಅಳೆಯುವಾಗ ಅದರ ಕೆಲಸ ಕೆಡಬಾರದು ಎಂದು ಎಂಜಿನಿಯರುಗಳು ಇಷ್ಟು ತಲೆಕೆಡಿಸಿಕೊಂಡರು. ಮನುಷ್ಯರನ್ನು ಅಳೆಯುವ ಸರ್ಕಾರದಿಂದ ಕನಿಷ್ಠ ಅಷ್ಟನ್ನಾದರೂ ನಾವು ಕೇಳಲೇಬೇಕು.