ಬುದ್ಧರ ಹೆಸರು ಬದಲಿಸಿದ ದೊರೆ



ಬೆಳಗಿನ ಚಹಾ ಕುಡಿಯುತ್ತಾ ಓದಿ. ಇದು ಚಹಾದ ನೊರೆಗೆ ಮನಸೋತಿದ್ದ ಒಬ್ಬ ಚಕ್ರವರ್ತಿಯ ಬದುಕು. ಚೀನಾದ ಸಾಂಗ್ ವಂಶದ ಹುಯಿಜೋಂಗ್ ಹುಟ್ಟಿದ್ದು 1082ರಲ್ಲಿ, ಪಟ್ಟಕ್ಕೆ ಬಂದದ್ದು 1100ರಲ್ಲಿ. ರಾಜಧಾನಿ ಕೈಫೆಂಗ್. ಒಳ್ಳೆಯ ಚಿತ್ರಕಾರ, ಕವಿ. ಚಹಾದ ಬಗ್ಗೆ ಒಂದು ಗ್ರಂಥವನ್ನೇ ಬರೆದ.

ಆಗಿನ ಚಹಾ ನಮ್ಮ ಹಾಗೆ ಹಾಲು ಸಕ್ಕರೆ ಹಾಕಿ ಕುದಿಸಿದ್ದಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಅರೆದು, ಬಿಲ್ಲೆ ಮಾಡಿ ಇಡುತ್ತಿದ್ದರು. ಬೇಕಾದಾಗ ಅದನ್ನು ಪುಡಿ ಮಾಡಿ, ಜರಡಿ ಹಿಡಿದು, ಕಪ್ಪು ಬಟ್ಟಲಿಗೆ ಹಾಕಿ, ಬಿಸಿನೀರು ಬಿಡುತ್ತಾ ಬಿದಿರಿನ ಪುಟ್ಟ ಕಡಗೋಲಿನಿಂದ ಕಡೆಯಬೇಕು. ಏಳು ಸಲ ನೀರು ಬಿಡುವ ಕ್ರಮವನ್ನು ಹುಯಿಜೋಂಗ್ ಒಂದೊಂದಾಗಿ ಬರೆದಿಟ್ಟಿದ್ದಾನೆ. ಬಿಳಿ ನೊರೆ ಬಟ್ಟಲಿನ ಅಂಚನ್ನು ಕಚ್ಚಿಕೊಂಡು ನಿಲ್ಲಬೇಕು. ಇದರಲ್ಲಿ ಪಂದ್ಯಗಳೂ ನಡೆಯುತ್ತಿದ್ದವು. ಯಾರ ನೊರೆ ಮೊದಲು ಒಡೆದು ನೀರು ಕಾಣುತ್ತದೋ ಅವರು ಸೋತಂತೆ.

ಆ ನೊರೆಯ ಮೇಲೆ ಚಿತ್ರ ಮೂಡಿಸುವ ಕಲೆ ಅವನಿಗಿಂತ ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ಹೆಸರಾದವನು ಫುಚುವಾನ್ ಎಂಬ ಭಿಕ್ಖು. ನೀರು ಬಿಡುವ ಕೈಚಳಕದಲ್ಲೇ ನಾಲ್ಕು ಬಟ್ಟಲುಗಳಲ್ಲಿ ಒಂದೊಂದು ಸಾಲಿನಂತೆ ಇಡೀ ಪದ್ಯ ತೇಲಿಸುತ್ತಿದ್ದನಂತೆ. ದಾನಿಗಳು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೂವು, ಹಕ್ಕಿ, ಮೀನು ಏನೇ ಮೂಡಲಿ, ನೋಡುತ್ತಿದ್ದಂತೆ ಕರಗುತ್ತಿತ್ತು. ಬುದ್ಧರು ಗಂಗೆಯಲ್ಲಿ ತೇಲುವ ನೊರೆಯನ್ನು ತೋರಿಸಿ, ರೂಪವೂ ಹೀಗೇ ಟೊಳ್ಳು ಎಂದು ಬೋಧಿಸಿದ್ದು ಸಂಯುತ್ತ ನಿಕಾಯದಲ್ಲಿದೆ.

ಹುಯಿಜೋಂಗ್‌ಗೆ ತಾವೋ ಪಂಥದ ಹುಚ್ಚು ಹಿಡಿದಿತ್ತು. 1119ರಲ್ಲಿ ಆಜ್ಞೆ ಹೊರಡಿಸಿದ. ಇನ್ನು ಬುದ್ಧರನ್ನು ಬುದ್ಧ ಎನ್ನಬಾರದು, ತಾವೋ ಪಂಥದ ಅಮರರಲ್ಲಿ ಒಬ್ಬರೆಂದು ಚಿನ್ನದ ಅಮರ ಎನ್ನಬೇಕು. ಭಿಕ್ಖುಗಳು ಚೀವರ ಬಿಟ್ಟು ಬೇರೆ ಉಡುಪು ತೊಡಬೇಕು, ತಮ್ಮನ್ನು ಸದ್ಗುಣದವರು ಎಂದು ಕರೆದುಕೊಳ್ಳಬೇಕು. ವಿಹಾರಗಳಿಗೂ ತಾವೋ ಮಂದಿರಗಳ ಹೆಸರು. ಗಮನಿಸಿ, ಕೆಡವುವ ಮಾತಿಲ್ಲ. ಹೊಸ ಹೆಸರು ಕೊಟ್ಟು ಒಳಗೆ ಹಾಕಿಕೊಳ್ಳುವುದು, ಅಷ್ಟೇ. ಈ ಉಪಾಯ ನಮಗೇನು ಹೊಸದೇ? ಬುದ್ಧರು ವಿಷ್ಣುವಿನ ಅವತಾರವೆಂಬ ಮಾತನ್ನು ಒಪ್ಪುವುದಿಲ್ಲ ಎಂದು ಬಾಬಾಸಾಹೇಬರು 1956ರಲ್ಲಿ ನಾಗಪುರದ 22 ಪ್ರತಿಜ್ಞೆಗಳಲ್ಲಿ ಸೇರಿಸಿದ್ದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ.

ಯೊಂಗ್‌ದಾವ್ ಎಂಬ ಭಿಕ್ಖು ಇದು ತಪ್ಪೆಂದು ದೊರೆಗೇ ಬರೆದ. ಅವನನ್ನು ದೂರದ ದಾವ್‌ಝೌಗೆ ಗಡಿಪಾರು ಮಾಡಿದರು. ಆದರೆ ಆಜ್ಞೆ ಎರಡು ವರ್ಷವೂ ನಿಲ್ಲಲಿಲ್ಲ. 1120ರಲ್ಲಿ ಬುದ್ಧರಿಗೂ ಭಿಕ್ಖುಗಳಿಗೂ ಹಳೆಯ ಹೆಸರು ವಾಪಸ್ಸಾಯಿತು.

ಆ ಚಳಿಗಾಲದಲ್ಲೇ ಅರಮನೆಯ ಔತಣದಲ್ಲಿ ಚಕ್ರವರ್ತಿ ತಾನೇ ಚಹಾ ಕಡೆದು ಮಂತ್ರಿಗಳಿಗೆ ಹಂಚಿದ. ನೊರೆ ಚದುರಿದ ನಕ್ಷತ್ರಗಳ ನಡುವಿನ ಮಂಕು ಚಂದ್ರನಂತಿತ್ತೆಂದು ಮಂತ್ರಿ ತ್ಸಾಯ್ ಜಿಂಗ್ ಬರೆದಿದ್ದಾನೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಫಾಂಗ್ ಲಾ ಎಂಬವನ ದಂಗೆ ಹೊತ್ತಿ ಉರಿಯುತ್ತಿತ್ತು. ದೊರೆಯ ತೋಟಕ್ಕೆಂದು ಅಪರೂಪದ ಕಲ್ಲು, ಗಿಡಗಳನ್ನು ಜನರಿಂದ ಕಿತ್ತು ದೋಣಿಗಳಲ್ಲಿ ಸಾಗಿಸುತ್ತಿದ್ದರು. ಆ ಸುಲಿಗೆಯ ಸಿಟ್ಟು ಅದು.

1127ರಲ್ಲಿ ಉತ್ತರದ ಜಿನ್ ಸೇನೆ ಅವನನ್ನೂ ಅವನ ಮಗನನ್ನೂ ಸೆರೆಹಿಡಿದು ಒಯ್ದಿತು. ಬುದ್ಧರ ಹೆಸರು ಕೆಡಿಸಿದ್ದಕ್ಕೆ ಸಿಕ್ಕ ಶಿಕ್ಷೆ ಎಂದುಕೊಳ್ಳುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಕೈಫೆಂಗ್ ಬಿದ್ದಾಗ ಏನೂ ತಪ್ಪು ಮಾಡದ ಬಡವರೂ ನರಳಿದರು.

ಗೆದ್ದವರು ಸೆರೆಯಾಳು ಚಕ್ರವರ್ತಿಗೆ ಒಂದು ಬಿರುದು ಕೊಟ್ಟರು, ಮಂಕು ಗುಣದ ಸಾಮಂತ ಎಂದು. ಅದರಲ್ಲಿರುವ ಗುಣ ಎಂಬ ಚೀನೀ ಅಕ್ಷರ, ಅವನು ಭಿಕ್ಖುಗಳ ಮೇಲೆ ಹೇರಿದ್ದ ಹೆಸರಿನಲ್ಲಿದ್ದ ಅಕ್ಷರವೇ. ಆ ಹೆಸರು ಹೊತ್ತೇ 1135ರಲ್ಲಿ, ಈಗಿನ ಹೈಲೊಂಗ್‌ಜಿಯಾಂಗ್‌ನ ಚಳಿಯಲ್ಲಿ ತೀರಿಕೊಂಡ.